ಕೈಲಿರೋದನ್ನ ಕೆಳಗಿಡು

ಜೂನ್ 9

ಮೆಣಸಿನಕಾಯಿ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ಹೇಳದೆ ಕೇಳದೆ ಪೆಟ್ಟಿಗೆ ಎತ್ತಿಕೊಂಡು ಹೋದವಳು ಚೆನ್ನಾಗಿಯೇ ಇರಬೇಕು. ಫೋನ್ ಮಾಡಿದರೆ ಎತ್ತುವುದಿಲ್ಲ. ಫ್ರಿಜ್ಜಿನ ಬಾಗಿಲಿಗೆ ವಿಳಾಸ ಅಂಟಿಸಿ ಹೋಗುವಷ್ಟು ದೊಡ್ಡ ಮನಸ್ಸು ಮಾಡಿದ್ದೀಯಲ್ಲ, ಅದಕ್ಕೇ ಈ ಕಾಗದ. ನಿನಗೆ ಬುದ್ಧಿ ಹೇಳಲು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಅದು ನೀನು ಹುಟ್ಟಿದಾಗಿನಿಂದ ನನ್ನ ಕೈಲಿ ಆಗದ ಕೆಲಸ. ನನಗೆ ಬೇಕಾಗಿರುವುದು ಒಂದೇ ಉತ್ತರ. ಮಾಲೀಕ ಟೈಲರಮ್ಮನ ಬಾಗಿಲಿಗೆ ಏನು ಕಳಿಸುತ್ತಾನೆ?

ನೀನು ಬರೆದಿಟ್ಟು ಹೋದ ಕೊನೆಯ ದೃಶ್ಯ ಈ ಭಾನುವಾರ ರೇಡಿಯೋದಲ್ಲಿ ಬಂತು. ಕಟ್ಟಡದ ಮಾಲೀಕ ಟೈಲರಮ್ಮನ ಅಂಗಡಿಗೆ ಬರುತ್ತಾನೆ. ಅವಳ ಕತ್ತರಿಯನ್ನು ಎತ್ತಿಕೊಂಡು ಎರಡು ಸಲ ಸುಮ್ಮನೆ ಗಾಳಿಯಲ್ಲಿ ಕತ್ತರಿಸುತ್ತಾನೆ. "ಅಂಗಡಿ ಖಾಲಿ ಮಾಡಲ್ಲ ಅಂತೀಯಾ? ಆಗ್ಲಿ. ನಾಳೆ ಬೆಳಿಗ್ಗೆ ನಿನ್ನ ಬಾಗಿಲಿಗೆ ಏನು ಬರುತ್ತೆ ನೋಡ್ತಿರು" ಎನ್ನುತ್ತಾನೆ. ಅಲ್ಲಿಗೆ ಮುಗಿಯಿತು. ಮಾಲೀಕನ ಪಾತ್ರ ಮಾಡುವ ನಮ್ಮ ಗುಡುಗಪ್ಪನವರು ಆ ಮಾತನ್ನು ಎಷ್ಟು ಮೆತ್ತಗೆ ಹೇಳಿದರೆಂದರೆ ನನಗೇ ಮೈ ಜುಮ್ಮೆಂದಿತು. ರೆಕಾರ್ಡಿಂಗ್ ಮುಗಿದ ಕೂಡಲೇ ಎಲ್ಲರೂ ನನ್ನ ಕಡೆ ತಿರುಗಿದರು. ಏನು ಬರುತ್ತೆ ಮೇಡಂ? ನನಗೇನು ಗೊತ್ತು ನನ್ನ ತಲೆ!

ಈ ನಾಟಕವನ್ನು ಇಬ್ಬರೂ ಬರೆಯಲು ಶುರು ಮಾಡಿದಾಗಿನಿಂದ ನಮ್ಮ ಲೆಕ್ಕ ಒಂದೇ. ಮಾತು ಕೊಡುವುದು, ಆಸೆ ತೋರಿಸುವುದು, ಬೇಡಿಕೊಳ್ಳುವುದು ನನ್ನ ಪಾಲು. ಬೆದರಿಸುವುದು ನಿನ್ನ ಪಾಲು. ನಾನು ಬರೆದ ಬೆದರಿಕೆಯನ್ನು ಗುಡುಗಪ್ಪನವರು ಗುಡುಗಿದರೂ ಊಟಕ್ಕೆ ಕರೆದ ಹಾಗೆ ಕೇಳಿಸುತ್ತದೆ ಎಂದು ನೀನೇ ಎಷ್ಟು ಸಲ ಆಡಿಕೊಂಡಿಲ್ಲ? ಈಗ ಅರ್ಧ ಬೆದರಿಕೆ ನನ್ನ ತಲೆಗೆ ಕಟ್ಟಿ ಹೋಗಿದ್ದೀಯ. ಗುರುವಾರ ರೆಕಾರ್ಡಿಂಗ್. ಬೇಗ ಬರೆದು ಕಳಿಸು. ಬೇರೆ ಏನೂ ಬರೆಯಬೇಕಾಗಿಲ್ಲ.

ಅಕ್ಕ


ಜೂನ್ 20

ಅಕ್ಕಾ,

ಹೇಳುವುದಿಲ್ಲ.

ಫೋನ್ ಎತ್ತದಿರುವುದು ಯಾಕೆಂದರೆ, ಫೋನಿನಲ್ಲಿ ನನ್ನ ವಾಕ್ಯವನ್ನೂ ನೀನೇ ಮುಗಿಸಿಬಿಡುತ್ತೀಯ. ಕಾಗದದಲ್ಲಿ ಆ ಆಟ ನಡೆಯುವುದಿಲ್ಲ.

ಹೇಳದೆ ಕೇಳದೆ ಹೋದೆ ಎಂದು ಬರೆದಿದ್ದೀಯ. ಹೇಳಿದ್ದೆ. ಕೇಳಿಯೂ ಇದ್ದೆ. ಯಾವತ್ತು, ಎಲ್ಲಿ, ಯಾವ ಮಾತಿನಲ್ಲಿ ಎಂದು ನೀನೇ ಯೋಚನೆ ಮಾಡು. ಗೊತ್ತಾದರೆ ಬರೆ, ಮಾಲೀಕನ ಗುಟ್ಟು ಅವತ್ತೇ ಕಳಿಸುತ್ತೇನೆ. ಗೊತ್ತಾಗದಿದ್ದರೆ ಟೈಲರಮ್ಮ ಬಾಗಿಲು ನೋಡಿಕೊಂಡು ಕೂತಿರಲಿ.

ಇಲ್ಲಿ ಒಂದು ಹಳೆಯ ನಾಟಕಶಾಲೆ. ವೇದಿಕೆಯ ಹಿಂದೆ ಬಡಗಿಯ ಕೋಣೆ, ಅದರ ಮೇಲೆ ನನ್ನ ಕೋಣೆ. ದಿನವಿಡೀ ಗರಗಸದ ಸದ್ದು, ಮರದ ಪುಡಿ ಹಾಸಿಗೆಯವರೆಗೂ ಬರುತ್ತದೆ. ಬೆಳಿಗ್ಗೆ ಬರೆಯುತ್ತೇನೆ. ಮಧ್ಯಾಹ್ನ ನಿರ್ದೇಶಕಿ ಓದಿ, ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎನ್ನುತ್ತಾರೆ. ಹಾಗೆನ್ನುವಾಗ ಕತ್ತೆತ್ತಿ ನನ್ನ ಮುಖ ನೋಡುತ್ತಾರೆ. ನನಗೆ ಇದು ಹೊಸದು.

ತಂಗಿ


ಜುಲೈ 7

ಮೆಣಸಿನಕಾಯಿ,

ಕತ್ತೆತ್ತಿ ಮುಖ ನೋಡುವ ನಿರ್ದೇಶಕಿಗೆ ಒಂದು ಹಾರ ಹಾಕು. ನನಗೆ ಒಗಟು ಬಿಡಿಸುತ್ತಾ ಕೂರಲು ಪುರುಸೊತ್ತಿಲ್ಲ.

ಇಲ್ಲಿ ಟೈಲರಮ್ಮನಿಗೆ ಇನ್ನೂ ಬೆಳಗಾಗಿಲ್ಲ. ನಾಳೆ ಬೆಳಿಗ್ಗೆ ಎಂದು ನಿನ್ನ ಮಾಲೀಕ ಹೇಳಿದ್ದೇ ಹೇಳಿದ್ದು, ವಾರದ ಮೇಲೆ ವಾರ ಅದೇ ರಾತ್ರಿಯನ್ನು ಎಳೆಯುತ್ತಿದ್ದೇನೆ. ಒಂದು ವಾರ ಅವಳಿಗೆ ಕನಸು ಬೀಳಿಸಿದೆ. ಒಂದು ವಾರ ಪಕ್ಕದ ಮನೆಯವಳಿಗೆ ಜ್ವರ ಬರಿಸಿದೆ. ಮೊನ್ನೆ ತರಕಾರಿ ಅಂಗಡಿಯಲ್ಲಿ ಒಬ್ಬಾಕೆ ನನ್ನ ಚೀಲ ಹಿಡಿದುಕೊಂಡು, "ಅಲ್ಲಮ್ಮಾ, ಆ ಊರಲ್ಲಿ ಸೂರ್ಯ ಹುಟ್ಟೋದೇ ಇಲ್ವಾ?" ಎಂದಳು. ಸುತ್ತ ನಿಂತವರೆಲ್ಲ ನಕ್ಕರು.

ನಾನೇ ಒಂದು ಉಪಾಯ ಮಾಡಿದೆ. ಬೆಳಿಗ್ಗೆ ಬಾಗಿಲು ತೆರೆದರೆ ಒಂದು ಬುಟ್ಟಿ ಕೊಳೆತ ಮೀನು. ಗುಡುಗಪ್ಪನವರು ಹಾಳೆ ಓದಿ, ಕನ್ನಡಕ ತೆಗೆದು ಒರೆಸಿ, "ಮೇಡಂ, ನಾನು ಅಷ್ಟು ಚೆನ್ನಾಗಿ ಬೆದರಿಸಿದ್ದು ಮೀನಿಗಾ?" ಎಂದರು. ಪಾಪ, ಅವರಿಗೆ ಕಣ್ಣಲ್ಲಿ ನೀರೇ ಬಂದಿತ್ತು. ಹರಿದು ಹಾಕಿದೆ. ರೇಡಿಯೋ ಸ್ಟೇಷನ್ನಿನ ಸಾಹೇಬರು ಒಳಗೆ ಕರೆದು, "ಹೀಗೇ ಆದ್ರೆ ಹಳೇ ಕಂತುಗಳನ್ನೇ ಹಾಕ್ತೀವಮ್ಮ. ವರ್ಷದ ಕೊನೆಯೊಳಗೆ ದಾರಿ ಸಿಗದಿದ್ರೆ ಈ ನಾಟಕಕ್ಕೆ ಮಂಗಳ ಹಾಡಿಬಿಡೋಣ" ಎಂದರು. ನೋಡು, ಇವರಿಗೆ ಬೆದರಿಸಲು ಬರುತ್ತದೆ. ಏನು ಮಾಡುತ್ತೇನೆ, ಯಾವಾಗ ಮಾಡುತ್ತೇನೆ, ಎರಡನ್ನೂ ಹೇಳಿದರು. ಅವರ ಕೈಲಿ ಆಗುವಂಥದ್ದೇ ಹೇಳಿದರು. ನಮ್ಮಿಬ್ಬರ ಇಷ್ಟು ವರ್ಷದ ಕೆಲಸ ನಿಂತುಹೋದರೆ ನಿನಗೆ ಸಂತೋಷವೇ?

ಒಂದು ವಾರ ಮಾತ್ರ ಮಾನ ಉಳಿಯಿತು, ಅದೂ ನಿನ್ನ ಮಾತಿನಿಂದಲೇ. ಇದು ನಾಟಕದ ಮಾತು ಎಂದು ಮೊದಲೇ ಹೇಳಿ ಓದಿದರೆ ಎಲ್ಲ ಮಾತೂ ಚೆನ್ನಾಗಿ ಕೇಳಿಸುತ್ತದೆ, ಅದಕ್ಕೇ ಸುಳಿವು ಕೊಡದೆ ಇನ್ನೊಬ್ಬರ ಮೇಲೆ ಎಸೆದು ನೋಡಬೇಕು ಎಂದು ನಾವಿಬ್ಬರೂ ಮಾಡುತ್ತಿದ್ದೆವಲ್ಲ? ಹಾಗೆ ನೀನು ಹೋಗುವ ಹಿಂದಿನ ದಿನ ಅಡುಗೆಮನೆಯಲ್ಲಿ ನನ್ನ ಮೇಲೆ ಎಸೆದ ಮಾತು ನೆನಪಾಯಿತು. ಆ ರಾತ್ರಿ ಟೈಲರಮ್ಮನ ತಂಗಿಯನ್ನು ಕರೆಸಿ ಅವಳ ಬಾಯಲ್ಲಿ ಇಟ್ಟೆ. "ಬೇರೆ ಊರಲ್ಲಿ ಅಂಗಡಿ ಇಡೋಕೆ ಒಬ್ಬಳನ್ನೇ ಕರೆದಿದ್ದಾರೆ ಅಕ್ಕಾ. ನೀನು ಬೇಡ ಅಂದ್ರೆ ಹೋಗಲ್ಲ." ಅವತ್ತು ನಾನು ಎರಡನೆಯ ವಾಕ್ಯ ತೆಗಿ ಎಂದಿದ್ದೆ. ಈಗ ಸೇರಿಸಿಕೊಂಡೆ. ನೀನೇ ಸರಿ, ಅದು ಬೇಕು. ಟೈಲರಮ್ಮನ ಹೊಲಿಗೆ ಮಿಷನ್ನಿನ ಸದ್ದು ತಟ್ಟನೆ ನಿಲ್ಲುತ್ತದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅವಳು "ಬೇಡ" ಎನ್ನುತ್ತಾಳೆ. ಅಷ್ಟೇ. ಗಾಜಿನ ಆಚೆ ಕೂತಿದ್ದ ಸೌಂಡ್ ಹುಡುಗಿ ಮೂಗು ಒರೆಸಿಕೊಂಡಳು.

ಬೇಡಿಕೊಳ್ಳುವ ಮಾತೂ ನಿನಗೆ ಬರುತ್ತದೆ ಅಂತಾಯಿತು. ಇನ್ನಾದರೂ ಬೆದರಿಕೆಯದು ಹೇಳು.

ಅಕ್ಕ


ಜುಲೈ 19

ಅಕ್ಕಾ,

ಆ ಭಾನುವಾರ ನಾನು ಕೆಳಗೆ ಬಡಗಿಯ ಕೋಣೆಯಲ್ಲಿದ್ದೆ. ಅವರ ರೇಡಿಯೋ ಹಾಕಿತ್ತು. ನಮ್ಮ ನಾಟಕ ಎಂದು ಅವರಿಗೆ ಗೊತ್ತಿಲ್ಲ. ನನ್ನ ಮಾತು, ನನ್ನ ಉಸಿರು ಎಲ್ಲಿ ನಿಂತಿತ್ತೋ ಅಲ್ಲೇ ನಿಲ್ಲಿಸಿ, ಯಾವಳೋ ಹೇಳಿದಳು. ಬಡಗಿ ಗರಗಸ ನಿಲ್ಲಿಸಿ, "ಅಬ್ಬಾ, ಎಂಥಾ ಮಾತು ಬರೀತಾರೆ" ಎಂದು ತೋಳಿನಿಂದ ಕಣ್ಣು ಒರೆಸಿಕೊಂಡರು. ನಾನು ಕೈಗೆ ಸಿಕ್ಕ ಮೊಳೆಯ ಡಬ್ಬ ಎತ್ತಿ ಗೋಡೆಗೆ ಬಡಿದೆ. ಮಧ್ಯಾಹ್ನವೆಲ್ಲ ಮೊಳೆ ಆಯುತ್ತಾ ಕೂತಿದ್ದೆ.

ಅದು ಎಸೆದು ನೋಡಿದ ಮಾತಲ್ಲ ಕಣೇ! ಅದು ನಾನು!

ಅವತ್ತು ಮಧ್ಯಾಹ್ನ ನಿರ್ದೇಶಕಿ ಫೋನ್ ಮಾಡಿದ್ದರು. ಒಂದು ನಾಟಕ ಬರೆದುಕೊಡಿ, ಆದರೆ ಒಬ್ಬರೇ ಬರೆಯಬೇಕು ಎಂದಿದ್ದರು. ಸಂಜೆಯವರೆಗೂ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಮನೆಯೆಲ್ಲ ಸುತ್ತಿದೆ. ನೀನು ಬೀನ್ಸ್ ಹೆಚ್ಚುತ್ತಿದ್ದೆ. ನಾನು ಲೋಟ ಒರೆಸುತ್ತಿದ್ದೆ. "ನಾಟಕ ಬರೆಯೋಕೆ ಒಬ್ಬಳನ್ನೇ ಕರೆದಿದ್ದಾರೆ. ನೀನು ಬೇಡ ಅಂದ್ರೆ ಹೋಗಲ್ಲ" ಎಂದೆ. ನೀನು ಹೂಂ ಎನ್ನಲಿಲ್ಲ, ಉಹುಂ ಎನ್ನಲಿಲ್ಲ. "ಎರಡನೇ ವಾಕ್ಯ ತೆಗಿ. ಎಲ್ಲಾನೂ ಬಿಟ್ಟುಕೊಟ್ಟುಬಿಟ್ರೆ ಎದುರಿನವಳಿಗೆ ಮಾತಾಡೋಕೆ ಏನು ಉಳೀತು?" ಎಂದೆ. ಬೀನ್ಸ್ ಹೆಚ್ಚುವ ಸದ್ದು ಒಂದು ಕ್ಷಣವೂ ನಿಲ್ಲಲಿಲ್ಲ. ನಿನ್ನ ಟೈಲರಮ್ಮನ ಮಿಷನ್ ನಿಂತಿತಲ್ಲ, ನಿನ್ನ ಚಾಕು ನಿಲ್ಲಲಿಲ್ಲ.

ನೀನು ತೆಗಿ ಎಂದೆ, ನಾನು ತೆಗೆದೆ. ಮೊದಲನೆಯ ವಾಕ್ಯ ಉಳಿಯಿತು. ಬೆಳಿಗ್ಗೆ ಹೊರಟೆ.

ಟೈಲರಮ್ಮನ ಬಾಯಲ್ಲಿ ಬೇಡ ಎನ್ನಿಸಲು ನಿನಗೆ ಬಂತು. ಎಲ್ಲಿ ಸುಮ್ಮನಿರಬೇಕು, ಎಲ್ಲಿ ಹೇಳಬೇಕು, ಎಲ್ಲವೂ ಗೊತ್ತಿದೆ. ಯಾವಳೋ ಇಲ್ಲದ ಹೆಂಗಸಿಗೆ ಅಷ್ಟು ಒಳ್ಳೆಯ ಉತ್ತರ ಬರೆದುಕೊಟ್ಟೆ. ನನಗೆ ಕೊಟ್ಟಿದ್ದು ತಿದ್ದುಪಡಿ. ಆಮೇಲೆ ಅದೇ ಮಾತನ್ನು ಊರಿಗೆಲ್ಲ ಕೇಳಿಸಿದೆ. ಕೇಳಿಸಿ, ಹೆಮ್ಮೆಯಿಂದ ನನಗೇ ಬರೆದೆ!

ಇನ್ನೊಂದು ಸಲ ನನ್ನ ಮಾತನ್ನು ಆ ಮೈಕಿನ ಮುಂದೆ ಇಟ್ಟರೆ, ಗುರುವಾರ ನಾನೇ ಬಂದು ರೆಕಾರ್ಡಿಂಗ್ ಕೋಣೆಯ ಬಾಗಿಲು ತೆರೆದು ನಿಲ್ಲುತ್ತೇನೆ. ಏನು ಮಾಡುತ್ತೇನೆ, ಯಾವಾಗ ಮಾಡುತ್ತೇನೆ, ಎರಡನ್ನೂ ಹೇಳಿದ್ದೇನೆ. ಸಾಕಾ?

ತಂಗಿ


ಜುಲೈ 24

ಮೆಣಸಿನಕಾಯಿ,

ಬಂದು ನಿಲ್ಲು. ಯಾರು ಹೆದರುತ್ತಾರೆ? ಕುರ್ಚಿ ಹಾಕಿಸಿರುತ್ತೇನೆ.

ಅಲ್ಲ, ನನಗೆ ಹೇಗೆ ಗೊತ್ತಾಗಬೇಕಿತ್ತು ಹೇಳು? ಆ ಮನೆಯಲ್ಲಿ ನಿಜ ಮಾತಾಡಿದವರು ಯಾರು? ಬೆಳಿಗ್ಗೆ ಹಲ್ಲುಜ್ಜುವಾಗ ಬಚ್ಚಲಿನಿಂದ "ನಿನ್ನ ವಂಶಾನೇ ಮುಗಿಸ್ತೀನಿ" ಎಂದು ಕೂಗಿದವಳು ನೀನು. ನನ್ನ ವಂಶ ಎಂದರೆ ನೀನೇ ಎಂದು ನಾನು ಕೂಗಬೇಕಾಯಿತು. ಬಸ್ಸಿನಲ್ಲಿ ಕಂಡಕ್ಟರನ ಕಿವಿಯ ಹತ್ತಿರ ಬಗ್ಗಿ, "ನಿಮ್ಮ ಮಗಳು ಯಾವ ಸ್ಕೂಲಿಗೆ ಹೋಗ್ತಾಳೆ ಅಂತ ನನಗೆ ಗೊತ್ತು" ಎಂದು ನಯವಾಗಿ ಹೇಳಿ ಅವನ ಮುಖ ನೋಡಿದವಳೂ ನೀನೇ. ಅವನು ಬಸ್ಸು ನಿಲ್ಲಿಸಿ ನಮ್ಮನ್ನು ಇಳಿಸಿದ. ನಾನು ಕಾಲು ಹಿಡಿಯುವುದೊಂದು ಬಾಕಿ. ನೀನು ರಸ್ತೆ ಬದಿಯಲ್ಲಿ ನಿಂತು, "ಮೆತ್ತಗೆ ಹೇಳಿದ್ರೇನೆ ಜಾಸ್ತಿ ಹೆದರ್ತಾರೆ ಅಕ್ಕಾ, ಬರ್ಕೋ" ಎಂದೆ.

ಇನ್ನು ಆ ಡಾಕ್ಟರ ಕಥೆ. ನೆಲದ ಮೇಲೆ ಬಿದ್ದು, "ಅಕ್ಕಾ, ನನ್ನ ಕೈಲಾಗ್ತಿಲ್ಲ, ನನ್ನ ಗಿಡಕ್ಕೆ ನೀರು ಹಾಕ್ತೀನಿ ಅಂತ ಮಾತು ಕೊಡು" ಎಂದೆ. ಎದುರುಮನೆಯ ಡಾಕ್ಟರು ಬರಿಗಾಲಲ್ಲಿ ಓಡಿ ಬಂದರು. ಅವರು ನಾಡಿ ಹಿಡಿಯುವಾಗ ಒಂದು ಕಣ್ಣು ತೆರೆದು, "ಎದೆಗೆ ತಾಗಿತಾ?" ಎಂದೆ. ಅವರು ಇವತ್ತಿಗೂ ನಮ್ಮ ಮನೆಯವರನ್ನು ಕಂಡರೆ ದಾರಿ ಬದಲಿಸುತ್ತಾರೆ.

ಅವತ್ತೇ ಅಲ್ಲವೇ ಕಟ್ಟಳೆ ಮಾಡಿದ್ದು? ನಿಜವಾದ ಮಾತಾದರೆ ಕೈಲಿರೋದನ್ನ ಕೆಳಗಿಡಬೇಕು. ಸೌಟಿರಲಿ, ಪೆನ್ನಿರಲಿ, ಬಾಚಣಿಗೆಯಿರಲಿ. ಬರಿಗೈಯಲ್ಲಿ ಹೇಳಿದರೆ ನಿಜ, ಕೈಯಲ್ಲಿ ಏನಾದರೂ ಇದ್ದರೆ ನಾಟಕ. ಅಷ್ಟು ದೊಡ್ಡ ಮಾತು ಹೇಳುವವಳು ಲೋಟ ಒರೆಸುತ್ತಾ ಹೇಳುತ್ತಾಳೇನೇ? ತಪ್ಪು ನಿನ್ನದು. ಕೋಪ ಮಾಡಿಕೊಳ್ಳಬೇಕಾದವಳು ನಾನು.

ಇಷ್ಟಾದರೂ ದೊಡ್ಡವಳು ನಾನು, ನಾನೇ ಬಾಗುತ್ತೇನೆ. ವಾಪಸ್ಸು ಬಾ. ನಾಟಕ ಪೂರ್ತಿ ನೀನೇ ಬರೆ. ಮಾತು ಕೊಡುವುದು, ಬೆದರಿಸುವುದು, ಎಲ್ಲ ನಿನ್ನದೇ. ನಾನು ಟೀ ಮಾಡಿಕೊಡುತ್ತೇನೆ, ಬಾಯಿ ಬಿಡುವುದಿಲ್ಲ.

ಅಕ್ಕ


ಆಗಸ್ಟ್ 2

ಅಕ್ಕಾ,

ಬಾಯಿ ಬಿಡುವುದಿಲ್ಲವಂತೆ. ಕೊಡಲಾಗದ್ದನ್ನು ಕೊಡುತ್ತೇನೆ ಎನ್ನುವ ಪಾತ್ರವನ್ನು ಯಾರೂ ನಂಬುವುದಿಲ್ಲ ಎಂದು ನನಗೆ ಹೇಳಿಕೊಟ್ಟವಳು ನೀನು. ಮೊದಲ ದಿನವೇ ನನ್ನ ಹೆಗಲ ಮೇಲಿಂದ ಬಗ್ಗಿ, ಟೀ ಲೋಟದ ತಳದಿಂದ ನನ್ನ ವಾಕ್ಯದ ಮೇಲೆ ಉಂಗುರ ಒತ್ತುತ್ತೀಯ.

ಕಟ್ಟಳೆ ನನಗೆ ನೆನಪಿದೆ. ಹಾಗಾಗಿ ಈಗ ಹೇಳುವುದನ್ನು ಸರಿಯಾಗಿ ಓದು.

ಕೆಳಗಿಟ್ಟಿದ್ದೆ.

ಲೋಟವನ್ನು ಅಡುಗೆಕಟ್ಟೆಯ ಕಲ್ಲಿನ ಮೇಲೆ ಇಟ್ಟೆ. ಬಟ್ಟೆಯನ್ನು ಅದರ ಪಕ್ಕದಲ್ಲಿ ಇಟ್ಟೆ. ಎರಡೂ ಕೈ ಬಿಟ್ಟುಕೊಂಡು ನಿಂತೆ. ಆಮೇಲೆ ಹೇಳಿದೆ. ಲೋಟ ಇಟ್ಟ ಸದ್ದೂ ಆಯಿತು. ನಟರು ಹಾಳೆ ತಿರುವಿದರೆ ಗಾಜಿನ ಆಚೆಯಿಂದ ಕೇಳಿಸಿಕೊಂಡು ಬೈಯುವವಳು ನೀನು. ನಾಲ್ಕು ಹೆಜ್ಜೆ ದೂರದ ಸ್ಟೀಲ್ ಲೋಟ ಕೇಳಿಸಲಿಲ್ಲವೇ?

ನೀನು ಕತ್ತೆತ್ತಲಿಲ್ಲ. ಅಷ್ಟೇ ಆಗಿದ್ದು. ತಪ್ಪು ಯಾರದು ಎಂದು ಇನ್ನು ಬರೆಯಬೇಡ.

ತಂಗಿ


ಸೆಪ್ಟೆಂಬರ್ 15

ಮೆಣಸಿನಕಾಯಿ,

ಇಷ್ಟು ದಿನ ಬರೆಯಲಿಲ್ಲ. ಕಾಯಿಲೆ ಇರಲಿಲ್ಲ, ಕೆಲಸವೂ ಇರಲಿಲ್ಲ. ಸಾಹೇಬರು ಹೇಳಿದಂತೆ ಹಳೆಯ ಕಂತುಗಳನ್ನು ಹಾಕುತ್ತಿದ್ದಾರೆ. ಭಾನುವಾರ ಕೂತು ಕೇಳುತ್ತೇನೆ. ಯಾವ ಮಾತು ನಿನ್ನದು, ಯಾವುದು ನನ್ನದು ಎಂದು ಕೆಲವು ಕಡೆ ನನಗೇ ಗೊತ್ತಾಗುವುದಿಲ್ಲ. ಅದಕ್ಕೂ ಸಿಟ್ಟು ಬರುತ್ತದೆ.

ನಿನ್ನ ಕಾಗದ ಬಂದ ದಿನ ಅಡುಗೆಮನೆಗೆ ಹೋದೆ. ಆ ಲೋಟವನ್ನೇ ತೆಗೆದುಕೊಂಡೆ. ಕಲ್ಲಿನ ಮೇಲೆ ಇಟ್ಟೆ. ಮೆತ್ತಗೆ ಇಟ್ಟೆ, ಜೋರಾಗಿ ಇಟ್ಟೆ, ಅದರ ಕೆಳಗೆ ಬೆರಳು ಕೊಟ್ಟು ಇಟ್ಟೆ. ಬೀನ್ಸ್ ಹೆಚ್ಚುತ್ತಾ ಎಡಗೈಯಲ್ಲಿ ಇಟ್ಟು ನೋಡಿದೆ. ಎದುರುಮನೆಯ ಡಾಕ್ಟರು ಕಿಟಕಿಯಿಂದ ಇಣುಕಿ ನೋಡಿ ಪರದೆ ಎಳೆದುಕೊಂಡರು.

ಕೇಳಿಸುತ್ತದೆ. ಹಾಳಾದ್ದು, ಚೆನ್ನಾಗಿಯೇ ಕೇಳಿಸುತ್ತದೆ.

ಅವತ್ತು ನನಗೆ ಕೇಳಿಸಿತ್ತೇ ಎಂದು ಕೇಳಬೇಡ. ಆ ಒಂದು ಪ್ರಶ್ನೆ ಬಿಟ್ಟು ಬೇರೆ ಏನು ಬೇಕಾದರೂ ಕೇಳು. ಕೇಳಿಸಿ ಕತ್ತೆತ್ತಿದ್ದರೆ ಏನಾಗುತ್ತಿತ್ತು ಎಂಬುದನ್ನು ಮಾತ್ರ ಹೇಳುತ್ತೇನೆ. ಬೇಡ ಎನ್ನುತ್ತಿದ್ದೆ. ಯೋಚನೆ ಮಾಡುತ್ತಿರಲಿಲ್ಲ, ನಿನ್ನ ಮುಖವನ್ನೂ ಸರಿಯಾಗಿ ನೋಡುತ್ತಿರಲಿಲ್ಲ. ಬೇಡ, ಹೋಗಬೇಡ, ಗುರುವಾರ ರೆಕಾರ್ಡಿಂಗ್ ಇದೆ ಎನ್ನುತ್ತಿದ್ದೆ. ನೀನು ಲೋಟವನ್ನು ಮತ್ತೆ ಎತ್ತಿಕೊಂಡು ಒರೆಸುತ್ತಿದ್ದೆ. ನಿನ್ನ ಆ ಹೊಸ ನಾಟಕ ಹುಟ್ಟುತ್ತಿರಲಿಲ್ಲ. ನೀನು ಅದರ ಬಗ್ಗೆ ಒಂದು ಮಾತೂ ಎತ್ತದೆ, ನಾವಿಬ್ಬರೂ ಹಣ್ಣುಹಣ್ಣು ಮುದುಕಿಯರಾಗುವವರೆಗೆ ನನ್ನ ಜೊತೆ ಟೈಲರಮ್ಮನ ಬಟ್ಟೆ ಹೊಲಿಯುತ್ತಾ ಇರುತ್ತಿದ್ದೆ. ನನಗೆ ಅದು ಗೊತ್ತಿದೆ. ನಿನಗೂ ಗೊತ್ತಿದೆ. ಅದಕ್ಕೇ ಅಲ್ಲವೇ, ನಾನು ತೆಗಿ ಎಂದ ಕೂಡಲೇ ಎರಡನೆಯ ಸಲ ಕೇಳದೆ ತೆಗೆದುಬಿಟ್ಟಿದ್ದು? ಜಡೆ ಹಿಡಿದು ಎಳೆದು, "ಏಯ್, ನಿಜ ಹೇಳ್ತಿದೀನಿ" ಎನ್ನಬಹುದಿತ್ತಲ್ಲ? ಚಿಕ್ಕಂದಿನಲ್ಲಿ ಒಂದು ಪೆನ್ಸಿಲ್ಲಿಗೆ ಎಷ್ಟು ಸಲ ಎಳೆದಿಲ್ಲ!

ನನಗೆ ಸಿಟ್ಟು ನಿನ್ನ ಮೇಲೋ ನನ್ನ ಮೇಲೋ ಗೊತ್ತಿಲ್ಲ. ಕತ್ತೆತ್ತಿದ್ದರೆ ನಿನ್ನನ್ನು ಹಾಳು ಮಾಡುತ್ತಿದ್ದೆ, ಎತ್ತದೆ ಕಳೆದುಕೊಂಡೆ. ಇದೆಂಥ ಲೆಕ್ಕ? ಇದನ್ನು ಯಾವ ಪಾತ್ರದ ಬಾಯಲ್ಲೂ ಇಡುವುದಿಲ್ಲ, ಹೆದರಬೇಡ.

ಮಾಲೀಕನ ವಿಷಯ ಇನ್ನು ಕೇಳುವುದಿಲ್ಲ. ನಿಂತರೆ ನಿಲ್ಲಲಿ.

ಅಕ್ಕ


ಸೆಪ್ಟೆಂಬರ್ 28

ಅಕ್ಕಾ,

ಎರಡನೆಯ ಸಲ ಯಾಕೆ ಕೇಳಲಿಲ್ಲ ಎಂಬುದಕ್ಕೆ ಉತ್ತರ ಬರೆಯಲು ನಾಲ್ಕು ಹಾಳೆ ಕೆಡಿಸಿದೆ. ಬಿಟ್ಟೆ. ನೀನು ಒಂದು ಪ್ರಶ್ನೆ ಮುಚ್ಚಿಟ್ಟುಕೊಂಡಿದ್ದೀಯ, ನಾನು ಒಂದು ಇಟ್ಟುಕೊಳ್ಳುತ್ತೇನೆ.

ನನ್ನ ನಾಟಕ ಮುಂದಿನ ತಿಂಗಳು ಹದಿನೆಂಟಕ್ಕೆ ಶುರು. ಬಡಗಿ ಐದು ಬಾಗಿಲು ಮಾಡಿದ್ದಾರೆ, ಒಂದು ಇನ್ನೂ ಕಿರುಗುಟ್ಟುತ್ತದೆ. ನಿರ್ದೇಶಕಿ ಮೊನ್ನೆ ಕರೆದು, ಇಲ್ಲೇ ಇದ್ದುಬಿಡಿ, ಪ್ರತಿ ವರ್ಷ ಒಂದು ನಾಟಕ ಬರೆಯಿರಿ ಎಂದರು. ನಿನಗೆ ಬರೆದು ಕೇಳಬೇಕು ಎಂದುಕೊಂಡೆ. ಆಮೇಲೆ ಕೇಳಬಾರದು ಎಂದುಕೊಂಡೆ. ಇರುತ್ತೇನೆ ಎಂದು ಹೇಳಿಬಿಟ್ಟಿದ್ದೇನೆ. ಮಾತು ಕೊಟ್ಟಾಗಿದೆ, ಅದೂ ಆ ಬಡಗಿಯ ಎದುರಿಗೆ. ಮೂರನೆಯವರ ಕಿವಿಗೆ ಬಿದ್ದ ಮಾತನ್ನು ಮುರಿಯಲು ಆಗುವುದಿಲ್ಲ ಎಂದು ನೀನೇ ಹೇಳುತ್ತಿದ್ದೆಯಲ್ಲ. ಬೈಯಬೇಕೆನಿಸಿದರೆ ಬೈ.

ಈಗ ಮಾಲೀಕನ ಗುಟ್ಟು. ನೀನು ಕೇಳುವುದಿಲ್ಲ ಎಂದೆ, ಅದಕ್ಕೇ ಕೊಡುತ್ತಿದ್ದೇನೆ.

ಏನೂ ಬರುವುದಿಲ್ಲ.

ಮಾಲೀಕ ಏನನ್ನೂ ಕಳಿಸುವುದಿಲ್ಲ. ಅವನು ಮನೆಗೆ ಹೋಗಿ ಉಂಡು ಮಲಗಿದ್ದಾನೆ, ಆ ಮಾತು ಅವನಿಗೆ ಮರೆತೇ ಹೋಗಿದೆ. ಟೈಲರಮ್ಮ ಮಾತ್ರ ಬೆಳಿಗ್ಗೆ ಅಂಗಡಿ ತೆರೆಯುವುದಿಲ್ಲ. ಬಾಗಿಲ ಹಿಂದೆ ಕುರ್ಚಿ ಹಾಕಿಕೊಂಡು, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಾಳೆ. ಬಟ್ಟೆ ಕೊಡಲು ಬಂದವರು ಬಾಗಿಲು ತಟ್ಟುತ್ತಾರೆ. ಬಂತು ಎಂದು ಅವಳು ಉಸಿರು ಬಿಗಿಹಿಡಿಯುತ್ತಾಳೆ. ಅವರು ತಟ್ಟಿ ತಟ್ಟಿ ಬೇರೆ ಟೈಲರನ ಹತ್ತಿರ ಹೋಗುತ್ತಾರೆ. ಮಾರನೆಯ ದಿನವೂ ಹಾಗೇ. ಅವಳ ಅಂಗಡಿಯನ್ನು ಮಾಲೀಕ ಮುಚ್ಚಿಸಲಿಲ್ಲ, ಅವಳೇ ಮುಚ್ಚಿಕೊಂಡಳು. ಕೊನೆಗೆ ಒಂದು ದಿನ ಬೇಸತ್ತು, ಏನಾದರೂ ಬರಲಿ ಎಂದು ತಾನೇ ಬಾಗಿಲು ತೆರೆಯುತ್ತಾಳೆ. ಹೊರಗೆ ಬಿಸಿಲು. ಬೀದಿಯಲ್ಲಿ ಯಾರೂ ಇಲ್ಲ. ಮೆಟ್ಟಿಲ ಮೇಲೆ ದಿನಗಟ್ಟಲೆಯ ಧೂಳು. ಅವಳು ಪೊರಕೆ ತೆಗೆದುಕೊಂಡು ಗುಡಿಸಲು ಶುರು ಮಾಡುತ್ತಾಳೆ.

ಇದನ್ನು ನೀನು ಬರೆ. ಗುಡಿಸುವ ಸದ್ದು ಚೆನ್ನಾಗಿ ಕೇಳಿಸಲಿ.

ತಂಗಿ


ಅಕ್ಟೋಬರ್ 13

ಮೆಣಸಿನಕಾಯಿ,

ಬರೆದೆ. ಗುಡುಗಪ್ಪನವರು ತಮಗೆ ಒಂದೂ ಮಾತಿಲ್ಲ ಎಂದು ಮೊದಲು ಮುಖ ಊದಿಸಿಕೊಂಡರು. ಆಮೇಲೆ ಸ್ಟುಡಿಯೋದಲ್ಲಿ ಮೂಲೆಯಲ್ಲಿ ಕೂತು ಕೇಳಿ, "ನಾನು ಇಲ್ಲದೇನೇ ನಾನು ಎಷ್ಟು ಕೆಟ್ಟವನು!" ಎಂದು ಖುಷಿಪಟ್ಟರು. ಪೊರಕೆಯ ಸದ್ದನ್ನು ನಾನೇ ಮಾಡಿದೆ. ಸಾಹೇಬರು ಹೊರಗೆ ಬಂದು ಮುಂದಿನ ಗುರುವಾರದ ರೆಕಾರ್ಡಿಂಗಿಗೆ ಸಹಿ ಹಾಕಿ ಒಳಗೆ ಹೋದರು, ಅಂದರೆ ನಾಟಕ ಉಳಿಯಿತು. ತರಕಾರಿ ಅಂಗಡಿಯ ಹೆಂಗಸು, "ಅಂತೂ ಸೂರ್ಯ ಹುಟ್ಟಿದ" ಎಂದು ಎರಡು ನಿಂಬೆಹಣ್ಣು ಹೆಚ್ಚಿಗೆ ಹಾಕಿದಳು.

ಇನ್ನು ಆ ಬೈಯುವ ವಿಷಯ. ಅಲ್ಲೇ ಇರುತ್ತೇನೆ ಎಂದು ನೀನು ಬರೆದ ಜಾಗದಲ್ಲಿ ಕಾಗದವನ್ನು ಮೇಜಿಗೆ ಬಡಿದೆ. ಯಾರನ್ನು ಕೇಳಿ ಹೇಳಿದಳು ಎಂದು ಗೋಡೆಗೆ ಕೂಗಿದೆ. ಬಾಗಿಲ ಹಿಂದೆ ಕುರ್ಚಿ ಹಾಕಿಕೊಂಡು ಕಾಯುವವಳ ಕಥೆ ಬರೆದು ಕಳಿಸಿದ್ದೀಯಲ್ಲ, ನಾನೇನು ದಡ್ಡಿಯಾ, ಗೊತ್ತಾಗುವುದಿಲ್ಲವಾ? ಜೂನ್‌ನಿಂದ ನಾನು ಮಾಡುತ್ತಿರುವುದೂ ಅದನ್ನೇ.

ನಿನಗೆ ಹೇಳಬೇಕಾದ ಒಂದು ಮಾತಿದೆ. ನಾಲ್ಕು ಸಲ ಈ ಹಾಳೆಯ ಮೇಲೆ ಬರೆದು ಹೊಡೆದು ಹಾಕಿದೆ. ಎಷ್ಟು ಚೆನ್ನಾಗಿ ಬರೆದರೂ ನನ್ನ ಕೈಲಿ ಪೆನ್ನಿದೆ. ನಮ್ಮ ಕಟ್ಟಳೆಯ ಪ್ರಕಾರ ಅದು ನಾಟಕವೇ. ಪೆನ್ನು ಕೆಳಗಿಟ್ಟು ಕಾಗದ ಬರೆಯುವುದು ಹೇಗೆ ಎಂದು ಯಾರೂ ಕಂಡುಹಿಡಿದಿಲ್ಲ.

ಹದಿನೆಂಟಕ್ಕೆ ಬರುತ್ತೇನೆ. ನೀನು ಕರೆದಿಲ್ಲ, ಗೊತ್ತಿದೆ. ಟಿಕೆಟ್ ತೆಗೆದಾಗಿದೆ. ನಿನ್ನ ನಾಟಕದಲ್ಲಿ ತಪ್ಪು ಹುಡುಕುವುದಿಲ್ಲ ಎಂದು ಮಾತು ಕೊಡುವುದಿಲ್ಲ.

ಅಕ್ಕ


ಅಕ್ಟೋಬರ್ 15

ಅಕ್ಕಾ,

ನೀನು ಹೊರಡುವ ಮೊದಲೇ ತಲುಪಲಿ ಎಂದು ಚಿಕ್ಕದಾಗಿ ಬರೆದು ಕೊರಿಯರ್ ಮಾಡುತ್ತಿದ್ದೇನೆ.

ಮುಂದಿನ ಬಾಗಿಲಿಗೆ ಬರಬೇಡ, ಅಲ್ಲಿ ಜನ ಇರುತ್ತಾರೆ. ಪಕ್ಕದ ಓಣಿಯಲ್ಲಿ ಹಸಿರು ಬಾಗಿಲು, ಅದೇ ಬಡಗಿಯ ಕೋಣೆ. ತಟ್ಟಬೇಕಾಗಿಲ್ಲ, ತೆರೆದಿಟ್ಟಿರುತ್ತೇನೆ.

ಬಂದ ಕೂಡಲೇ ಬಾಯಿ ಶುರು ಮಾಡಬೇಡ. ರೈಲು ತಡ, ಓಣಿಯಲ್ಲಿ ಕೆಸರು, ನಾನು ಸೊರಗಿದ್ದೇನೆ, ಒಂದನ್ನೂ ಹೇಳಬೇಡ. ಮೊದಲು ಚೀಲ ಕೆಳಗಿಡು. ಇನ್ನೊಂದು ಕೈಯಲ್ಲಿ ನಿಂಬೆಹಣ್ಣೋ ಛತ್ರಿಯೋ ಇರುತ್ತದೆ, ಅದನ್ನೂ ಇಡು. ಆಗ ನನ್ನ ಕೈಯಲ್ಲಿ ಏನಿದ್ದರೂ ನಾನೂ ಇಡುತ್ತೇನೆ. ಬಡಗಿಯನ್ನು ಟೀಗೆ ಕಳಿಸಿರುತ್ತೇನೆ.

ಆಮೇಲೆ ನಾನು ಅವತ್ತು ಅಡುಗೆಮನೆಯಲ್ಲಿ ಹೇಳಿದ ಅದೇ ಎರಡು ವಾಕ್ಯ ಹೇಳುತ್ತೇನೆ. ಒಂದನ್ನೂ ತೆಗೆಯುವುದಿಲ್ಲ. ನೀನು ಕತ್ತೆತ್ತಿ ನನ್ನ ಮುಖ ನೋಡಿ, ಬೇಡ ಅನ್ನು.

ನಾನು ನಿನ್ನ ಮಾತು ಕೇಳುವುದಿಲ್ಲ. ಇಲ್ಲೇ ಇರುತ್ತೇನೆ. ಆದರೂ ಅನ್ನು.

ತಂಗಿ